ಹಳೆ ಟೈರ್ ಬಿಸಾಡುವ ಮುಂಚೆ ಒಮ್ಮೆ ಕೈಯಾಡಿಸಿ

(ಕಾರು ಓಡಿಸುವವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಒಂದು ಹಳೆ ಟೈರ್ ಇದೆ. ಒಂದು ಕಾರಿನ ಮುಂದಿನ ಎಡ ಚಕ್ರದ್ದು. ಮಾತು ಶುರು ಮಾಡುವ ಮುಂಚೆ ನಿಮ್ಮಲ್ಲಿ ಯಾರಾದರೂ ಒಬ್ಬರು ಬಂದು ಇದರ ಮೇಲೆ ಕೈಯಾಡಿಸಬೇಕು. ಬನ್ನಿ ಮೇಡಂ. ಅಂಗೈಯನ್ನು ಟ್ರೆಡ್ ಮೇಲೆ, ಅಂದರೆ ನೆಲ ಮುಟ್ಟುವ ಭಾಗದ ಮೇಲೆ ಇಡಿ. ಮೊದಲು ಹೊರಗಿನ ಅಂಚಿನಿಂದ ಒಳಗಿನ ಅಂಚಿಗೆ ಮೆಲ್ಲಗೆ ಎಳೆಯಿರಿ. ಹೂಂ. ಈಗ ಅದೇ ಕೈಯನ್ನು ಒಳಗಿನಿಂದ ಹೊರಕ್ಕೆ ತನ್ನಿ.

ಮೇಡಂ ಏನು ಹೇಳಿದರು ಕೇಳಿಸಿತಾ? "ಆ ಕಡೆಯಿಂದ ಬಂದರೆ ಗರಗಸದ ಹಲ್ಲು ಮುಟ್ಟಿದ ಹಾಗಿದೆ. ಈ ಕಡೆಯಿಂದ ಬಂದರೆ ನುಣ್ಣಗೆ ಜಾರುತ್ತದೆ." ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಕಣ್ಣಿಗೆ ಈ ಟೈರ್ ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲ. ಒಳಗಿನ ಅಂಚು ಸ್ವಲ್ಪ ಬೋಳಾಗಿದೆ, ಅಷ್ಟೇ. ಆದರೆ ಕೈಗೆ ಎಲ್ಲ ಗೊತ್ತಾಗುತ್ತದೆ. ನನ್ನನ್ನು ಇಷ್ಟು ದಿನ ಉರುಳಿಸಲಿಲ್ಲ, ಅಡ್ಡಡ್ಡಲಾಗಿ ಉಜ್ಜಿದರು ಅಂತ ಈ ಟೈರ್ ಹೇಳುತ್ತಿದೆ.

ಈ ಕಾರಿನವರು ಟೈರ್ ಸವೆದಿದೆ ಅಂತ ಬಂದರು. ಹೊಸದು ಹಾಕಿಸಿಕೊಂಡರು. ಹಳೆಯದನ್ನು ತಿರುಗಿಯೂ ನೋಡದೆ ಹೊರಡುತ್ತಿದ್ದರು. ನಾನು ಕರೆದು ಕೈಯಾಡಿಸಲು ಹೇಳಿದೆ. ಇವತ್ತು ನಿಮಗೆ ಹೇಳಬೇಕು ಅಂತ ಬಂದದ್ದೂ ಇದನ್ನೇ. ಹೊಸ ಟೈರ್ ಹಾಕಿಸುವ ದಿನ ನಾವೆಲ್ಲ ಹೊಸ ಟೈರನ್ನೇ ನೋಡುತ್ತಾ ನಿಲ್ಲುತ್ತೇವೆ. ನೋಡಬೇಕಾದದ್ದು ಮೂಲೆಗೆ ಎಸೆದ ಹಳೆಯದನ್ನು. ನಿಮ್ಮ ಕಾರಿನ ಚಕ್ರಗಳು ಹೇಗೆ ಕೂತಿವೆ ಅನ್ನುವುದನ್ನು ಅದು ಸಾವಿರಾರು ಕಿಲೋಮೀಟರ್ ಓಡಿ ಮೈಮೇಲೆ ಬರೆದುಕೊಂಡಿದೆ.

ಟೈರ್ ಬದಲಿಸಿದ ಮೇಲೆ ಚಕ್ರಗಳ ಕೋನ ಅಳೆದು ಸರಿ ಮಾಡುವ ಅಲೈನ್‌ಮೆಂಟ್ ಯಾಕೆ ಮಾಡಿಸಬೇಕು ಅಂತ ಕೇಳಿದರೆ ಎರಡು ಥರದ ಉತ್ತರ ಸಿಗುತ್ತದೆ. ಟೈರ್ ಬಿಚ್ಚಿ ಹಾಕಿದಾಗ ಅಲೈನ್‌ಮೆಂಟ್ ಕೆಡುತ್ತದೆ, ಅದಕ್ಕೆ ಅಂತ ಕೆಲವರು ಹೇಳುತ್ತಾರೆ. ಇನ್ನು ಕೆಲವರು, ಟೈರ್ ಬದಲಿಸಿದರೆ ಏನೂ ಕೆಡುವುದಿಲ್ಲ, ಸುಮ್ನೆ ಬಿಲ್ ಜಾಸ್ತಿ ಮಾಡೋಕೆ ಹೇಳ್ತಾರೆ ಅನ್ನುತ್ತಾರೆ. ಮೊದಲ ಮಾತು ತಪ್ಪು. ಎರಡನೆಯದು ಅರ್ಧ ಮಾತ್ರ ಸರಿ. ಅಲೈನ್‌ಮೆಂಟ್ ಇರುವುದು ಟೈರಿನಲ್ಲಿ ಅಲ್ಲ. ಚಕ್ರವನ್ನು ಹಿಡಿದುಕೊಂಡಿರುವ ಆರ್ಮ್, ಸ್ಟೀರಿಂಗಿನಿಂದ ಚಕ್ರಕ್ಕೆ ಬರುವ ಟೈ ರಾಡ್, ಕೀಲುಗಳಲ್ಲಿ ಕೂರುವ ರಬ್ಬರ್ ಬುಶ್, ಸ್ಪ್ರಿಂಗುಗಳಲ್ಲಿ ಇರುತ್ತದೆ. ನಾಲ್ಕು ನಟ್ ಬಿಚ್ಚಿ ಚಕ್ರ ತೆಗೆದು ಹಾಕಿದರೆ ಇವು ಯಾವುವೂ ಜರುಗುವುದಿಲ್ಲ. ಅಂದರೆ ಮೊದಲು ಸರಿ ಇದ್ದದ್ದು ಈಗಲೂ ಸರಿ ಇರುತ್ತದೆ. ಹಾಗೆಯೇ, ಮೊದಲು ಕೆಟ್ಟಿದ್ದದ್ದು ಈಗಲೂ ಕೆಟ್ಟೇ ಇರುತ್ತದೆ. ತೊಂದರೆ ಇರುವುದು ಇಲ್ಲಿ.

ನಿಮ್ಮ ಚಪ್ಪಲಿ ನೆನಪಿಸಿಕೊಳ್ಳಿ. ಹಿಮ್ಮಡಿ ಯಾವಾಗಲೂ ಒಂದೇ ಕಡೆ ಸವೆಯುತ್ತದೆ, ಅಲ್ವಾ? ಹೊಸ ಚಪ್ಪಲಿ ತಂದರೂ ಅದೇ ಕಡೆ ಸವೆಯುತ್ತದೆ. ಯಾಕೆಂದರೆ ಬದಲಾದದ್ದು ಚಪ್ಪಲಿ, ನಡಿಗೆ ಅಲ್ಲ.

ಈಗ ಒಂದು ಲೆಕ್ಕ. ಟೈರ್ ಸರಿಯಾಗಿ ಉರುಳಿದರೆ ಎಷ್ಟು ಸವೆಯುತ್ತದೆ? 205/55 ಆರ್ 16 ಅಂತ ಬರೆದಿರುವ ಟೈರ್ ತೆಗೆದುಕೊಳ್ಳೋಣ. ಅದರ ವ್ಯಾಸ ಸುಮಾರು 632 ಮಿಲಿಮೀಟರ್. ಸುತ್ತಳತೆ ಹತ್ತಿರಹತ್ತಿರ 2 ಮೀಟರ್. ಅಂದರೆ ಒಂದು ಕಿಲೋಮೀಟರಿಗೆ ಸುಮಾರು 500 ಸುತ್ತು. ಹೊಸದರಲ್ಲಿ ಟ್ರೆಡ್ ಆಳ 8 ಮಿಲಿಮೀಟರ್ ಆಸುಪಾಸು ಇರುತ್ತದೆ. 1.6 ಮಿಲಿಮೀಟರಿಗೆ ಇಳಿದರೆ ಬದಲಿಸಲೇಬೇಕು. ಟ್ರೆಡ್ಡಿನ ಕಾಲುವೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ ನೋಡಿ, ಅವುಗಳ ಎತ್ತರವೇ 1.6. ಟ್ರೆಡ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂತು ಅಂದರೆ ಟೈರಿನ ಕಾಲ ಮುಗಿಯಿತು. ಹಾಗಾಗಿ ನಮಗೆ ಸವೆಸಲು ಸಿಗುವುದು 6.4 ಮಿಲಿಮೀಟರ್ ರಬ್ಬರ್. ಟೈರ್ 50,000 ಕಿಲೋಮೀಟರ್ ಬಾಳಿತು ಅಂತ ಇಟ್ಟುಕೊಳ್ಳಿ. ಆಗ ಅದು ಸುತ್ತಿದ್ದು ಎರಡೂವರೆ ಕೋಟಿ ಸುತ್ತು. ಭಾಗಿಸಿ ನೋಡಿದರೆ, ಒಂದು ಸುತ್ತಿಗೆ ಸವೆದದ್ದು ಒಂದು ಮಿಲಿಮೀಟರಿನ ಸುಮಾರು 40 ಲಕ್ಷದಲ್ಲಿ ಒಂದು ಪಾಲು. ಪರಮಾಣುಗಳ ಅಳತೆಗೆ ಹೋಗಿ ನಿಲ್ಲುವ ಲೆಕ್ಕ ಇದು. ಒಂದೂವರೆ ಟನ್ ಗಾಡಿಯನ್ನು ಹೊತ್ತು, ಬಿಸಿಲು ಮಳೆ ಕಲ್ಲು ಎಲ್ಲ ತಿಂದು, ಒಂದು ಸುತ್ತಿಗೆ ಇಷ್ಟೇ ಸವೆಯುತ್ತದೆ. ಈ ಲೆಕ್ಕ ಮೊದಲ ಸಲ ಹಾಕಿದ ದಿನದಿಂದ ನನಗೆ ಟೈರ್ ಮೇಲಿನ ಗೌರವವೇ ಬೇರೆಯಾಯಿತು.

ಅಂಥ ವಸ್ತು ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಬೋಳಾಗಬೇಕಾದರೆ ಅದಕ್ಕೆ ಏನಾಗಿರಬೇಕು ಯೋಚಿಸಿ. ಉರುಳುವುದರಿಂದ ಟೈರ್ ಅಷ್ಟು ಬೇಗ ಸವೆಯುವುದಿಲ್ಲ. ಉಜ್ಜುವುದರಿಂದ ಸವೆಯುತ್ತದೆ. ಮಕ್ಕಳ ಅಳಿಸುವ ರಬ್ಬರನ್ನು ಕಾಗದದ ಮೇಲೆ ಇಟ್ಟು ಒತ್ತಿ ಎತ್ತಿದರೆ ಏನೂ ಆಗುವುದಿಲ್ಲ. ಒತ್ತಿಕೊಂಡೇ ಪಕ್ಕಕ್ಕೆ ಎಳೆದರೆ ಪುಡಿ ಉದುರುತ್ತದೆ. ರಸ್ತೆಯ ಮೇಲೆ ಆಗುವುದೂ ಅಷ್ಟೇ.

ಪಕ್ಕಕ್ಕೆ ಎಳೆಯುವುದು ಯಾರು? ಮುಖ್ಯವಾಗಿ ಟೋ. ಅಲೈನ್‌ಮೆಂಟ್ ಅಂದರೆ ಟೋ, ಕ್ಯಾಂಬರ್, ಕ್ಯಾಸ್ಟರ್ ಅಂತ ಮೂರು ಕೋನಗಳ ಹೆಸರು ಕೇಳಿರುತ್ತೀರಿ. ಟೈರ್ ತಿನ್ನುವ ವಿಷಯಕ್ಕೆ ಬಂದರೆ ಇವು ಮೂರೂ ಸಮ ಅಲ್ಲ. ಟೋ ಮುಂದೆ ಉಳಿದೆರಡು ಏನೂ ಅಲ್ಲ ಅನ್ನಬಹುದು.

ನೀವು ಕೂತಲ್ಲೇ ನಿಮ್ಮ ಪಾದ ನೋಡಿಕೊಳ್ಳಿ. ಎರಡೂ ಹೆಬ್ಬೆರಳು ಒಂದರ ಕಡೆಗೊಂದು ವಾಲಿದರೆ ಅದು ಟೋ ಇನ್. ಹೊರಗೆ ತಿರುಗಿದ್ದರೆ ಟೋ ಔಟ್. ಚಕ್ರಕ್ಕೂ ಹಾಗೆಯೇ. ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಎತ್ತ ಮುಖ ಮಾಡಿದೆ ಅನ್ನುವುದೇ ಟೋ. ಈಗ ಒಂದು ಚಕ್ರ 3 ಮಿಲಿಮೀಟರ್ ಹೊರಗೆ ತಿರುಗಿದೆ ಅಂತ ಇಟ್ಟುಕೊಳ್ಳಿ. ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಕೋನದ ಲೆಕ್ಕದಲ್ಲಿ ಕಾಲು ಡಿಗ್ರಿಗಿಂತ ತುಸು ಜಾಸ್ತಿ. ಬರಿಗಣ್ಣಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಕಾರು ನೇರಕ್ಕೆ ಹೋಗುತ್ತಿದೆ, ಚಕ್ರ ಮಾತ್ರ ಬೇರೆ ಕಡೆ ಹೋಗಲು ನೋಡುತ್ತಿದೆ. 632 ಮಿಲಿಮೀಟರ್ ವ್ಯಾಸಕ್ಕೆ 3 ಮಿಲಿಮೀಟರ್ ಅಂದರೆ, ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಆ ಟೈರ್ 4.7 ಮೀಟರಿನಷ್ಟು ಅಡ್ಡಕ್ಕೆ ಎಳೆಸಿಕೊಳ್ಳುತ್ತದೆ. 10,000 ಕಿಲೋಮೀಟರಿಗೆ 47 ಕಿಲೋಮೀಟರ್. ರಬ್ಬರ್ ಬಾಗುವ ವಸ್ತುವಾದ್ದರಿಂದ ಇದರಲ್ಲಿ ಒಂದಿಷ್ಟನ್ನು ಬಾಗಿಯೇ ಸಹಿಸಿಕೊಳ್ಳುತ್ತದೆ. ನೆಲ ಬಿಡುವ ಹೊತ್ತಿಗೆ ತಡೆಯಲಾರದೆ ಜಾರುತ್ತದೆ. ಸುತ್ತಿಗೊಮ್ಮೆ, ಕಿಲೋಮೀಟರಿಗೆ 500 ಸಲ ಹೀಗೆ.

ಹಾಗೆ ಜಾರುವಾಗ ಟ್ರೆಡ್ಡಿನ ಕಾಲುವೆಗಳ ನಡುವಿನ ಪ್ರತಿಯೊಂದು ಗಟ್ಟೆಯಲ್ಲೂ ಉಜ್ಜುವ ಕಡೆಯ ಅಂಚು ಗುಂಡಗಾಗುತ್ತದೆ. ಎದುರು ಕಡೆಯ ಅಂಚು ಚೂಪಾಗಿ ಉಳಿಯುತ್ತದೆ. ಮೇಡಂ ಕೈಗೆ ಸಿಕ್ಕಿದ ಗರಗಸ ಇದೇ. ಈ ಟೈರಿನಲ್ಲಿ ಚೂಪು ಅಂಚುಗಳು ಹೊರಗಡೆಗೆ ಇವೆ, ಒಳಗಿನ ಅಂಚು ಬೋಳಾಗಿದೆ. ಹಾಗಾದರೆ ಇದು ಟೋ ಔಟ್. ತಿರುಗಾಮುರುಗಾ ಇದ್ದಿದ್ದರೆ, ಅಂದರೆ ಹೊರಗಿನಿಂದ ಒಳಕ್ಕೆ ಕೈ ಜಾರಿ, ಒಳಗಿನಿಂದ ಹೊರಕ್ಕೆ ಬರುವಾಗ ತಡೆದಿದ್ದರೆ, ಅದು ಟೋ ಇನ್. ಮೆಷಿನ್ ಬೇಕಾಗಿಲ್ಲ, ಅಂಗೈ ಸಾಕು.

ಚಕ್ರ ಎತ್ತ ಮುಖ ಮಾಡಿರಬೇಕು ಅನ್ನುವ ಚಿಂತೆ ಕಾರಿಗಿಂತಲೂ ಹಳೆಯದು. ತಿರುವಿನಲ್ಲಿ ಒಳಗಿನ ಚಕ್ರ ಸಣ್ಣ ವೃತ್ತದಲ್ಲಿ ಸುತ್ತುತ್ತದೆ, ಹೊರಗಿನದು ದೊಡ್ಡ ವೃತ್ತದಲ್ಲಿ. ಎರಡೂ ಒಂದೇ ಕೋನದಲ್ಲಿ ತಿರುಗಿದರೆ ಒಂದು ಉಜ್ಜಲೇಬೇಕು. ಕುದುರೆ ಗಾಡಿಗಳ ಕಾಲದಲ್ಲೇ, 1817ರ ಸುಮಾರಿಗೆ, ಜರ್ಮನಿಯ ಮ್ಯೂನಿಕ್‌ನ ಗಾಡಿ ತಯಾರಕ ಗೆಯೋರ್ಗ್ ಲಾಂಕೆನ್‌ಸ್ಪೆರ್ಗರ್ ಎರಡೂ ಚಕ್ರ ಬೇರೆ ಬೇರೆ ಕೋನದಲ್ಲಿ ತಿರುಗುವ ಜೋಡಣೆಯ ಉಪಾಯ ಕಂಡುಹಿಡಿದರು. 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಮಾಡಿಸಿದ್ದು ರುಡಾಲ್ಫ್ ಆಕರ್ಮನ್. ಹಾಗಾಗಿ ಇವತ್ತಿಗೂ ಆಕರ್ಮನ್ ಹೆಸರೇ ನಿಂತಿದೆ. ಕಂಡುಹಿಡಿದವರ ಹೆಸರು ಹಿಂದೆ ಉಳಿದದ್ದು ನನಗೆ ಬೇಸರದ ಸಂಗತಿ. ಇದನ್ನು ಯಾಕೆ ಹೇಳಿದೆ ಅಂದರೆ, ದೊಡ್ಡ ಗುಂಡಿಗೆ ಬಿದ್ದು ಈ ಜೋಡಣೆಯ ಸ್ಟೀರಿಂಗ್ ಆರ್ಮ್ ಬಾಗಿದ್ದರೆ ನೇರ ಓಟದಲ್ಲಿ ಟೋ ಸರಿ ತೋರಿಸಬಹುದು, ತಿರುವಿನಲ್ಲಿ ಮಾತ್ರ ಟೈರ್ ಕಿರುಚುತ್ತದೆ. ಹೊಸ ಟೈರ್ ನಿಧಾನವಾಗಿ ತಿರುಗಿದರೂ ಕಿರುಚುತ್ತಿದ್ದರೆ ಟೈರನ್ನು ಬೈಯುವ ಮುಂಚೆ ಇದನ್ನು ನೋಡಿಸಿ.

ಕ್ಯಾಂಬರ್ ಅಂದರೆ ಮುಂದಿನಿಂದ ನೋಡಿದಾಗ ಚಕ್ರ ಎಷ್ಟು ವಾಲಿದೆ ಅನ್ನುವುದು. ಮೇಲ್ಭಾಗ ಒಳಗೆ ವಾಲಿದ್ದರೆ ನೆಗೆಟಿವ್. ತಿರುವಿನಲ್ಲಿ ಹಿಡಿತ ಚೆನ್ನಾಗಿರಲಿ ಅಂತ ಎಷ್ಟೋ ಕಾರುಗಳಲ್ಲಿ ಅರ್ಧದಿಂದ ಒಂದು ಡಿಗ್ರಿವರೆಗೆ ಬೇಕೆಂದೇ ಇಟ್ಟಿರುತ್ತಾರೆ. ಕ್ಯಾಂಬರ್ ಜಾಸ್ತಿಯಾದರೆ ಒಂದು ಅಂಚು ಸವೆಯುತ್ತದೆ ನಿಜ. ಆದರೆ ನುಣ್ಣಗೆ ಸವೆಯುತ್ತದೆ, ಗರಗಸ ಆಗುವುದಿಲ್ಲ. ಒಳ ಅಂಚು ಬೇಗ ಬೋಳಾದಾಗ ಎಲ್ಲರೂ ಕ್ಯಾಂಬರ್ ಮೇಲೆ ತಪ್ಪು ಹಾಕುತ್ತಾರೆ. ನಾನು ನೋಡಿದ ಹಾಗೆ ಹೆಚ್ಚಿನ ಸಲ ನಿಜವಾದ ಕಳ್ಳ ಟೋ ಔಟ್, ಕ್ಯಾಂಬರ್ ಜೊತೆಗಾರ. ವಾಲಿದ ಚಕ್ರದಲ್ಲಿ ಭಾರವೆಲ್ಲ ಒಳ ಅಂಚಿನ ಮೇಲೆ, ಉಜ್ಜುವುದೂ ಅಲ್ಲೇ. ಕ್ಯಾಸ್ಟರ್ ಟೈರ್ ಸವೆಸುವುದು ತೀರಾ ಕಡಿಮೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುತ್ತದಲ್ಲ, ಅದು ಕ್ಯಾಸ್ಟರ್ ಕೆಲಸ. ಇವತ್ತಿಗೆ ಅಷ್ಟು ಸಾಕು.

ಗಾಳಿಯದ್ದು ಒಂದು ಮಾತು. ಗಾಳಿ ಕಡಿಮೆ ಇದ್ದರೆ ಎರಡೂ ಅಂಚು ಸವೆಯುತ್ತವೆ, ಮಧ್ಯ ಉಳಿಯುತ್ತದೆ. ಜಾಸ್ತಿ ಇದ್ದರೆ ಮಧ್ಯ ಸವೆಯುತ್ತದೆ. ಇದು ಅಲೈನ್‌ಮೆಂಟ್ ತಪ್ಪಲ್ಲ. ಟೈರಿನ ಮೇಲೆ ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗು ಬಿದ್ದಿದ್ದರೆ ಮೊದಲ ಅನುಮಾನ ಶಾಕ್ ಅಬ್ಸಾರ್ಬರ್ ಮೇಲೆ ಇರಲಿ. ಅದು ಸೋತಾಗ ಚಕ್ರ ನೆಲದ ಮೇಲೆ ಪುಟಿಯುತ್ತಾ ಓಡುತ್ತದೆ. ಹೊಸ ಟೈರ್ ಹಾಕಿ, ಅಲೈನ್‌ಮೆಂಟ್ ಮಾಡಿಸಿ, ಸೋತ ಶಾಕ್ ಅಬ್ಸಾರ್ಬರ್ ಹಾಗೇ ಬಿಟ್ಟರೆ ಬಟ್ಟಲು ಮತ್ತೆ ಬೀಳುತ್ತದೆ.

ಈಗ ನನ್ನದೇ ಒಂದು ಕಥೆ ಹೇಳಬೇಕು. ನಾನು ಈ ಕೆಲಸ ಕಲಿಯುವುದಕ್ಕೆ ಮುಂಚಿನ ಮಾತು. ನಾಲ್ಕೂ ಟೈರ್ ಒಂದೇ ದಿನ ಹೊಸದು ಹಾಕಿಸಿದೆ. ಅಲೈನ್‌ಮೆಂಟ್ ಕೂಡ ಮಾಡಿಸಿದೆ. ಮುಂದಿನ ಎರಡು ಚಕ್ರಕ್ಕೆ. "ಹಿಂದಿನದಕ್ಕೆ ಬೇಕಾಗಿಲ್ಲ ಸಾರ್, ಅದು ತಿರುಗಲ್ವಲ್ಲ" ಅಂದರು. ಹೌದಲ್ಲ, ತಿರುಗದ ಚಕ್ರಕ್ಕೆ ಅಲೈನ್‌ಮೆಂಟ್ ಯಾಕೆ ಅಂತ ನನಗೂ ಅನ್ನಿಸಿತು. ಸ್ಟೀರಿಂಗ್ ಮಾತ್ರ ನೇರ ರಸ್ತೆಯಲ್ಲೂ ಒಂದು ಚೂರು ಎಡಕ್ಕೆ ತಿರುಗಿಯೇ ಇರುತ್ತಿತ್ತು. ಕಾರು ಎಳೆಯುತ್ತಿರಲಿಲ್ಲ. ರೂಢಿಯಾಗಿ ಹೋಯಿತು.

ಒಂಬತ್ತು ಸಾವಿರ ಕಿಲೋಮೀಟರ್ ಆದ ಮೇಲೆ ಹಿಂದಿನ ಎಡ ಟೈರ್ ಪಂಕ್ಚರ್ ಆಯಿತು. ಪಂಕ್ಚರ್ ಹಾಕುತ್ತಿದ್ದವರು ವಯಸ್ಸಾದವರು. ಚಕ್ರ ಬಿಚ್ಚಿ ನೀರಿನ ತೊಟ್ಟಿಯ ಮೇಲೆ ತಿರುಗಿಸುತ್ತಿದ್ದವರು ಹಾಗೇ ನಿಂತರು. ಏನೂ ಮಾತಾಡಲಿಲ್ಲ. ನನ್ನ ಬೆರಳು ಹಿಡಿದು ಟೈರಿನ ಒಳ ಅಂಚಿನ ಮೇಲೆ ಇಟ್ಟರು. ಕೂದಲಿನಷ್ಟು ಸಣ್ಣ ಏನೋ ಚುಚ್ಚಿತು. ರಬ್ಬರ್ ಪೂರ್ತಿ ಹೋಗಿ ಒಳಗಿನ ಉಕ್ಕಿನ ತಂತಿ ಹೊರಗೆ ಬಂದಿತ್ತು. ಹೊರಗಡೆಯಿಂದ ನೋಡಿದರೆ ಅದೇ ಟೈರ್ ಹೊಸದರ ಹಾಗಿತ್ತು. ಹಿಂದಿನ ವಾರವಷ್ಟೇ ಮನೆಯವರನ್ನೆಲ್ಲ ಕೂರಿಸಿಕೊಂಡು ಆ ಟೈರಿನ ಮೇಲೆ ರಾತ್ರಿಯಿಡೀ ಓಡಿಸಿದ್ದೆ. ಕಾಲು ನಡುಗಿತು. ಟೈರ್ ಸವೆತ ಅಂದರೆ ದುಡ್ಡಿನ ವಿಷಯ ಅಂತ ಅಂದುಕೊಂಡಿದ್ದವನಿಗೆ ಅದು ಜೀವದ ವಿಷಯ ಅಂತ ಅವತ್ತು ಗೊತ್ತಾಯಿತು.

ಆಗಿದ್ದು ಏನೆಂದರೆ, ಹಿಂದಿನ ಎಡ ಚಕ್ರದ ಆರ್ಮ್‌ನ ಬುಶ್ ಹರಿದಿತ್ತು. ಚಕ್ರ ತನಗೆ ಬೇಕಾದ ಹಾಗೆ ಹೊರಗೆ ತಿರುಗಿ ನಿಂತಿತ್ತು. ಹಿಂದಿನ ಎರಡು ಚಕ್ರ ಸೇರಿ ಕಾರನ್ನು ಯಾವ ಕಡೆಗೆ ನೂಕುತ್ತವೋ ಅದಕ್ಕೆ ತಕ್ಕ ಹಾಗೆ ಮುಂದಿನವು ಹೊಂದಿಕೊಳ್ಳಬೇಕು. ಅದಕ್ಕೇ ಸ್ಟೀರಿಂಗ್ ಓರೆ. ಕಾರು ಏಡಿಯ ಹಾಗೆ ಸ್ವಲ್ಪ ಅಡ್ಡಡ್ಡ ನಡೆಯುತ್ತಿತ್ತು, ನನಗೆ ಗೊತ್ತಾಗಿರಲಿಲ್ಲ. ಆದ್ದರಿಂದ ಅಳತೆ ನಾಲ್ಕೂ ಚಕ್ರಕ್ಕೆ ಮಾಡಬೇಕು. ಎಷ್ಟೋ ಸಣ್ಣ ಕಾರುಗಳಲ್ಲಿ ಹಿಂದಿನ ಚಕ್ರಗಳನ್ನು ಹೊಂದಿಸಲು ಅವಕಾಶವೇ ಇರುವುದಿಲ್ಲ, ಎರಡನ್ನೂ ಒಂದೇ ತೊಲೆಗೆ ಕೂರಿಸಿರುತ್ತಾರೆ. ಇರಲಿ. ಹೊಂದಿಸಲು ಆಗದಿದ್ದರೂ ಅಳೆಯಲು ಆಗುತ್ತದೆ. ತೊಲೆ ಬಾಗಿದೆಯಾ, ಬುಶ್ ಹೋಗಿದೆಯಾ ಅಂತ ತಿಳಿಯುವುದು ಅಳೆದರೆ ಮಾತ್ರ.

ಹಾಗಾದರೆ ಹೊಸ ಟೈರ್ ಹಾಕಿಸುವ ದಿನ ಏನು ಮಾಡಬೇಕು? ಟೈರ್ ಬಿಚ್ಚುವ ಮುಂಚೆಯೇ ಹೇಳಿಬಿಡಿ, ಯಾವ ಟೈರ್ ಯಾವ ಚಕ್ರದ್ದು, ಒಳಗಡೆ ಯಾವುದು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ ಅಂತ. ಗುರುತಿಲ್ಲದೆ ನಾಲ್ಕನ್ನೂ ರಾಶಿ ಹಾಕಿದರೆ ಆ ಟೈರ್ ಏನು ಹೇಳಿದರೂ ಉಪಯೋಗವಿಲ್ಲ. ಆಮೇಲೆ ನಾಲ್ಕರ ಮೇಲೂ ಕೈಯಾಡಿಸಿ. ಕಂಡದ್ದನ್ನು ಅಲೈನ್‌ಮೆಂಟ್ ಮಾಡುವವರಿಗೆ ತೋರಿಸಿ. ಒಳ್ಳೆ ಕೆಲಸಗಾರ ಇದರಿಂದ ಖುಷಿಪಡುತ್ತಾನೆ. ಎಲ್ಲಿ ಹುಡುಕಬೇಕು ಅಂತ ಗೊತ್ತಾಗಿ ಅವನಿಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಅಲೈನ್‌ಮೆಂಟ್‌ಗೆ ಮುಂಚೆ ಸಡಿಲ ನೋಡಬೇಕು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಗಾಡಿ ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬಾಲ್ ಜಾಯಿಂಟ್, ಬೇರಿಂಗ್‌ಗಳ ಸಡಿಲ ಗೊತ್ತಾಗುತ್ತದೆ. ಎಡಬಲ ಹಿಡಿದು ಅಲ್ಲಾಡಿಸಿದರೆ ಟೈ ರಾಡ್ ಎಂಡ್. ಇವುಗಳಲ್ಲಿ ಆಟ ಇದ್ದರೆ ಮೆಷಿನ್ ಮೇಲೆ ಎಷ್ಟೇ ಚೆನ್ನಾಗಿ ಹೊಂದಿಸಿದರೂ ಗಾಡಿ ಇಳಿದು ಮೊದಲ ಗುಂಡಿ ದಾಟುವಷ್ಟರಲ್ಲಿ ಬದಲಾಗುತ್ತದೆ. ಮೊದಲು ಭಾಗ ಬದಲಿಸಿ, ಆಮೇಲೆ ಅಲೈನ್‌ಮೆಂಟ್. ಗಾಳಿ ಸರಿ ಮಾಡಿದ ಮೇಲೆ ಅಳತೆ. ಡಿಕ್ಕಿಯಲ್ಲಿ ಭಾರದ ಸಾಮಾನಿದ್ದರೆ ತೆಗೆಯಿರಿ. ಸ್ಪ್ರಿಂಗ್ ಕುಗ್ಗಿದರೆ ಕೋನಗಳೂ ಬದಲಾಗುತ್ತವೆ.

ಮೆಷಿನ್ ಮೇಲೆ ಗಾಡಿ ನಿಲ್ಲಿಸಿದಾಗ ನಾಲ್ಕೂ ಚಕ್ರಕ್ಕೆ ಮೆಷಿನ್ ನೋಡಿ ಅಳೆಯುವ ಫಲಕ ಸಿಕ್ಕಿಸಿ, ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಉರುಳಿಸುತ್ತಾರೆ. ಇದು ಸುಮ್ನೆ ಅಲ್ಲ. ರಿಮ್ ಚೂರು ಸೊಟ್ಟ ಇದ್ದರೂ, ಫಲಕ ಚೂರು ಓರೆ ಕೂತಿದ್ದರೂ ಅದನ್ನು ಲೆಕ್ಕದಿಂದ ಕಳೆಯುವ ದಾರಿ ಅದು. ಕ್ಯಾಮೆರಾ ಮೆಷಿನ್‌ಗಳಲ್ಲಿ ಇದನ್ನು ಬಿಟ್ಟರೆ ಮುಂದಿನ ಅಳತೆಗಳನ್ನು ನಂಬಲಾಗುವುದಿಲ್ಲ. ಆಮೇಲೆ ಕ್ರಮ. ಹಿಂದಿನ ಚಕ್ರ ಮೊದಲು. ಮುಂದಿನದರಲ್ಲಿ ಕ್ಯಾಸ್ಟರ್, ಕ್ಯಾಂಬರ್ ಆದ ಮೇಲೆ ಕೊನೆಗೆ ಟೋ. ಯಾಕೆಂದರೆ ಕ್ಯಾಂಬರ್ ಮುಟ್ಟಿದರೆ ಟೋ ಬದಲಾಗುತ್ತದೆ. ಟೋ ಮಾಡುವಾಗ ಸ್ಟೀರಿಂಗನ್ನು ನೇರಕ್ಕೆ ಇಟ್ಟು ಕದಲದಂತೆ ಕಟ್ಟಿರಬೇಕು.

ಕೆಲಸ ಮುಗಿದ ಮೇಲೆ ಮುಂಚಿನ ಅಳತೆ, ಆಮೇಲಿನ ಅಳತೆ ಎರಡೂ ಇರುವ ಪ್ರಿಂಟ್ ಕೇಳಿ ಪಡೆಯಿರಿ. ಹಸಿರು ಬಂದಿದೆ ಅಂದರೆ ಮಿತಿಯೊಳಗೆ ಇದೆ ಅಂತ, ಅಷ್ಟೇ. ಎಡ ಚಕ್ರ ಮಿತಿಯ ಒಂದು ತುದಿಯಲ್ಲಿ, ಬಲ ಚಕ್ರ ಇನ್ನೊಂದು ತುದಿಯಲ್ಲಿ ಇದ್ದರೂ ಎರಡೂ ಹಸಿರೇ. ಆದರೆ ಕಾರು ಎಳೆಯಬಹುದು. ಕ್ಯಾಂಬರ್ ಯಾವ ಕಡೆ ಹೆಚ್ಚು ಪಾಸಿಟಿವ್ ಇದೆಯೋ ಆ ಕಡೆಗೆ ಎಳೆತ. ಕ್ಯಾಸ್ಟರ್ ಯಾವ ಕಡೆ ಕಡಿಮೆಯೋ ಆ ಕಡೆಗೆ ಎಳೆತ. ಹಾಗಾಗಿ ಎಡಬಲದ ವ್ಯತ್ಯಾಸ ನೋಡಿ. ಮುಂಚಿನ ಅಳತೆಯನ್ನು ನಿಮ್ಮ ಹಳೆ ಟೈರಿನ ಜೊತೆ ಹೋಲಿಸಿ. ಟೈರ್ ಟೋ ಔಟ್ ಅಂತ ಹೇಳುತ್ತಿದೆ, ಪ್ರಿಂಟಿನಲ್ಲಿ ಮುಂಚೆಯೂ ಎಲ್ಲ ಸರಿ ಇತ್ತು ಅಂತ ಇದೆ ಅಂದರೆ ಎಲ್ಲೋ ಏನೋ ತಪ್ಪಿದೆ. ನಿಂತಾಗ ಸರಿ ಇದ್ದು ಓಡುವಾಗ ತಿರುಗುವ ಸಡಿಲ ಬುಶ್ ಇರಬಹುದು. ಮತ್ತೆ ಹುಡುಕಿಸಿ. ನಾನಾದರೆ ಮೊದಲು ಟೈರನ್ನು ನಂಬುತ್ತೇನೆ.

ಹೊಸ ಟೈರಿನಲ್ಲೇ ಇದೆಲ್ಲ ಯಾಕೆ ಇಷ್ಟು ಮುಖ್ಯ? ಸವೆದ ಟೈರಿನ ಗಟ್ಟೆಗಳು ಗಿಡ್ಡ, ಹಾಗಾಗಿ ಬಿಗಿ. ಹೊಸದರ ಗಟ್ಟೆಗಳು 8 ಮಿಲಿಮೀಟರ್ ಎತ್ತರ, ಮೆತ್ತಗೆ ಓಲಾಡುತ್ತವೆ. ಅಡ್ಡಕ್ಕೆ ಎಳೆದಾಗ ಜಾಸ್ತಿ ಬಾಗುತ್ತವೆ, ಅಂಚು ಬೇಗ ಗರಗಸವಾಗುತ್ತದೆ. ಒಮ್ಮೆ ಗರಗಸ ಶುರುವಾದರೆ ಆಮೇಲೆ ಅಲೈನ್‌ಮೆಂಟ್ ಸರಿ ಮಾಡಿಸಿದರೂ ಟೈರ್ ಗೊರಗೊರ ಸದ್ದು ಮಾಡುತ್ತಲೇ ಇರುತ್ತದೆ. ಎಷ್ಟೋ ಜನ ಈ ಸದ್ದಿಗೆ ಬೇರಿಂಗ್ ಬದಲಿಸಿ ದುಡ್ಡು ಕಳೆದುಕೊಂಡಿದ್ದಾರೆ. ಹೊಸ ಟೈರಿನ ಮೊದಲ ಸಾವಿರ ಕಿಲೋಮೀಟರ್ ಕಾಯದೆ ಅವತ್ತೇ ಮಾಡಿಸಿ ಅನ್ನುವುದು ಇದಕ್ಕೆ.

ಸಭಿಕರ ಪ್ರಶ್ನೆಗಳು

"ನನ್ನ ಕಾರು ನೇರ ಹೋಗುತ್ತದೆ, ಎಲ್ಲೂ ಎಳೆಯುವುದಿಲ್ಲ. ಆದರೂ ಬೇಕಾ ಸಾರ್?"

ಬೇಕು. ಎಡ ಬಲ ಎರಡೂ ಚಕ್ರ ಒಂದೇ ಸಮ ಹೊರಗೆ ತಿರುಗಿದ್ದರೆ ಒಂದರ ಎಳೆತ ಇನ್ನೊಂದರ ಎಳೆತವನ್ನು ಕಳೆಯುತ್ತದೆ. ಕಾರು ದಾರದ ಹಾಗೆ ನೇರ ಹೋಗುತ್ತದೆ, ಎರಡೂ ಟೈರ್ ಸದ್ದಿಲ್ಲದೆ ಸವೆಯುತ್ತಿರುತ್ತವೆ. ಎಳೆಯುವ ಕಾರಿನವರು ಬೇಗ ಬರುತ್ತಾರೆ, ಅವರ ಟೈರ್ ಉಳಿಯುತ್ತದೆ. ನೇರ ಹೋಗುವ ಕಾರಿನವರದ್ದೇ ನನಗೆ ಚಿಂತೆ.

"ಹೊಸ ಟೈರ್ ಹಾಕಿದ ಮೇಲೆ 90ರಲ್ಲಿ ಸ್ಟೀರಿಂಗ್ ನಡುಗುತ್ತದೆ. ಅಲೈನ್‌ಮೆಂಟ್ ಸರಿ ಮಾಡಿಲ್ವಾ?"

ಒಂದು ವೇಗದಲ್ಲಿ ಮಾತ್ರ ನಡುಕ ಬಂದು, ಅದನ್ನು ದಾಟಿದರೆ ಕಡಿಮೆಯಾದರೆ ಅದು ಬ್ಯಾಲೆನ್ಸಿಂಗ್. ಚಕ್ರದ ಭಾರ ಸುತ್ತಲೂ ಸಮನಾಗಿ ಹಂಚಿಲ್ಲ ಅಂತ. ರಿಮ್‌ಗೆ ಸಣ್ಣ ತೂಕದ ತುಂಡು ಅಂಟಿಸಿ ಸರಿ ಮಾಡುತ್ತಾರೆ. ಟೈರ್ ಬದಲಿಸಿದಾಗ ಬ್ಯಾಲೆನ್ಸಿಂಗ್ ಕಡ್ಡಾಯ, ಯಾಕೆಂದರೆ ಅದು ಟೈರಿಗೆ ಸಂಬಂಧಿಸಿದ್ದು. ನಡುಕ ಅಂದರೆ ಬ್ಯಾಲೆನ್ಸಿಂಗ್, ಎಳೆತ ಅಥವಾ ಓರೆ ಸ್ಟೀರಿಂಗ್ ಅಂದರೆ ಅಲೈನ್‌ಮೆಂಟ್. ಮೊದಲ ಅನುಮಾನಕ್ಕೆ ಇಷ್ಟು ಸಾಕು.

"ಎರಡು ಸಲ ಅಲೈನ್‌ಮೆಂಟ್ ಆಯಿತು, ಎಲ್ಲ ಹಸಿರು. ಆದರೂ ಎಡಕ್ಕೆ ಎಳೆಯುತ್ತದೆ."

ಹೊಸ ಟೈರೇ ಎಳೆಯುತ್ತಿರಬಹುದು. ತಯಾರಾಗುವಾಗ ಒಳಗಿನ ಪದರಗಳು ಚೂರು ಪಕ್ಕಕ್ಕೆ ಕೂತರೆ ಟೈರ್ ತೀರಾ ಸಣ್ಣ ಪ್ರಮಾಣದಲ್ಲಿ ಶಂಕುವಿನ ಆಕಾರಕ್ಕೆ ಬಂದುಬಿಡುತ್ತದೆ. ಶಂಕು ಉರುಳಿದರೆ ನೇರ ಹೋಗುವುದಿಲ್ಲ. ಮುಂದಿನ ಎರಡು ಚಕ್ರಗಳನ್ನು ಎಡಬಲ ಅದಲುಬದಲು ಮಾಡಿಸಿ ಓಡಿಸಿ ನೋಡಿ. ಎಳೆತ ಬಲಕ್ಕೆ ಹೋಯಿತು ಅಂದರೆ ಟೈರ್ ಕಾರಣ. ಎಡಕ್ಕೇ ಉಳಿಯಿತು ಅಂದರೆ ಗಾಡಿಯಲ್ಲಿ ಹುಡುಕಿ. ಬ್ರೇಕ್ ಹಿಡಿದುಕೊಂಡಿರುವುದೂ ಉಂಟು, ಓಡಿಸಿದ ಮೇಲೆ ಆ ಚಕ್ರ ಬಿಸಿಯಾಗಿರುತ್ತದೆ. ಪಕ್ಕದಲ್ಲಿ ಬಾಣದ ಗುರುತಿರುವ ಟೈರ್ ಒಂದೇ ದಿಕ್ಕಿಗೆ ತಿರುಗಬೇಕಾದ್ದು, ಅದನ್ನು ಹೀಗೆ ಬದಲಿಸುವಂತಿಲ್ಲ.

"ಎರಡೇ ಟೈರ್ ಹೊಸದು ಹಾಕಿಸಿದರೆ ಮುಂದೆ ಹಾಕಬೇಕಾ ಹಿಂದೆಯಾ?"

ಹಿಂದೆ. ಮುಂದಿನ ಚಕ್ರಕ್ಕೇ ಕೆಲಸ ಜಾಸ್ತಿ, ಹೊಸದು ಅಲ್ಲಿಗೇ ಬೇಕಲ್ವಾ ಅಂತ ಅನ್ನಿಸುತ್ತದೆ. ಆದರೆ ಒದ್ದೆ ರಸ್ತೆಯಲ್ಲಿ ಮುಂದಿನದು ಜಾರಿದರೆ ಕಾರು ನೇರಕ್ಕೆ ನುಗ್ಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಹೆಚ್ಚಿನ ಸಲ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿ ಆಗುವ ಮಾತಲ್ಲ. ಎರಡೇ ಟೈರ್ ಬದಲಿಸಿದರೂ ಅಳತೆ ನಾಲ್ಕಕ್ಕೂ ಮಾಡಿಸಿ.

"ಒಳ ಅಂಚು ಕಾಣೋದೇ ಇಲ್ಲ. ಮನೆಯಲ್ಲೇ ಹೇಗೆ ನೋಡೋದು?"

ಇದು ನನಗೆ ತುಂಬಾ ಬೇಕಾಗಿದ್ದ ಪ್ರಶ್ನೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಆಫ್ ಮಾಡಿ ಇಳಿಯಿರಿ. ಎಡ ಮುಂದಿನ ಟೈರಿನ ಇಡೀ ಟ್ರೆಡ್ ಮುಂದಿನಿಂದ ಕಾಣುತ್ತದೆ. ಪೂರ್ತಿ ಬಲಕ್ಕೆ ತಿರುಗಿಸಿದರೆ ಬಲಗಡೆಯದು. ಹಿಂದಿನ ಟೈರಿಗೆ ಮೊಬೈಲನ್ನು ಟೈರಿನ ಹಿಂದೆ ನೆಲದ ಹತ್ತಿರ ಹಿಡಿದು ಫ್ಲ್ಯಾಶ್ ಹಾಕಿ ಫೋಟೋ ತೆಗೆಯಿರಿ. ಟ್ರೆಡ್ ಆಳ ಅಳೆಯುವ ಸಣ್ಣ ಗೇಜ್ ಸಿಗುತ್ತದೆ, ಒಂದು ಇಟ್ಟುಕೊಳ್ಳಿ. ಹೊಸ ಟೈರ್ ಹಾಕಿಸಿದ ದಿನವೇ ಒಳ ಅಂಚು, ಮಧ್ಯ, ಹೊರ ಅಂಚು ಅಂತ ಮೂರು ಕಡೆ ಅಳೆದು, ಓಡೋಮೀಟರ್ ಅಂಕಿಯ ಜೊತೆ ಬರೆದಿಡಿ. ಮೂರು ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೆ ಅಳೆಯಿರಿ. ಸರಿ ಇರುವ ಟೈರಿನಲ್ಲಿ ಅಷ್ಟು ಹೊತ್ತಿಗೆ ಅರ್ಧ ಮಿಲಿಮೀಟರ್ ಕೂಡ ಹೋಗಿರಬಾರದು, ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಇರಬೇಕು. ಮಧ್ಯ 7.6, ಹೊರಗೆ 7.6, ಒಳಗೆ 7.0 ಬಂದರೆ ಅವತ್ತೇ ಗಾಡಿ ತೋರಿಸಿ. ಆಗಿನ್ನೂ ಮುಕ್ಕಾಲು ಪಾಲಿಗಿಂತ ಜಾಸ್ತಿ ರಬ್ಬರ್ ನಿಮ್ಮ ಹತ್ತಿರವೇ ಇರುತ್ತದೆ.